ಕೆರೆಯೂರಿನ ಎರಡನೇ ಭಾಗ

ನಮ್ಮ ಹಿತ್ತಲಿನ ಚಪ್ಪರದವರೆ ಬಳ್ಳಿಯ ನಡುವೆ ಒಂದು ಸಿಡಿ ನೇತಾಡುತ್ತಿದೆಯಲ್ಲ, ಅದರಿಂದಲೇ ಶುರು ಮಾಡುತ್ತೇನೆ. ನೀವಿಬ್ಬರೂ ಬುದ್ಧಿ ಬಂದಾಗಿನಿಂದ ಅದನ್ನು ನೋಡುತ್ತಿದ್ದೀರಿ. ಅದರೊಳಗೆ ಏನಿದೆ ಎಂದು ಮಾತ್ರ ಒಮ್ಮೆಯೂ ಕೇಳಿಲ್ಲ. ಗಿಳಿಗಳು ಬಾರದಿರಲಿ ಎಂದು ನಾನೇ ದಾರ ಪೋಣಿಸಿ ಕಟ್ಟಿದ್ದು. ಬಿಸಿಲಿಗೆ ಅದು ತಿರುಗಿದರೆ ಬಚ್ಚಲುಮನೆಯ ಗೋಡೆಯ ಮೇಲೆ ಒಂದು ಬಣ್ಣದ ಚುಕ್ಕೆ ಓಡಾಡುತ್ತದೆ. ಮೊದಲ ವರ್ಷ ಗಿಳಿಗಳು ಹೆದರಿದ್ದು ನಿಜ. ಈಗಿನವು ಅದರ ಎದುರಿಗೇ ಕುಳಿತು, ಮುಖ ನೋಡಿಕೊಂಡು, ನಿಧಾನವಾಗಿ ಕಾಯಿ ಬಿಡಿಸಿ ತಿನ್ನುತ್ತವೆ. ಆದರೂ ನಾನು ಅದನ್ನು ತೆಗೆದಿಲ್ಲ. ಹೊಸದಾಗಿ ಚಪ್ಪರ ಹಾಕಿದಾಗಲೆಲ್ಲ ಸಿಡಿಯೂ ಹೊಸ ಗಳಕ್ಕೆ ಹೋಗುತ್ತದೆ.

ಮೊನ್ನೆ, ಚಿನ್ನಪ್ಪ, ನೀನು ಕಂಪ್ಯೂಟರಿನ ಮುಂದೆ ಮುಖ ಊದಿಸಿಕೊಂಡು ಕುಳಿತಿದ್ದೆ. ಯಾವುದೋ ಆಟದ ಎರಡನೇ ಭಾಗಕ್ಕೆ ಎಷ್ಟೋ ತಿಂಗಳಿನಿಂದ ಕಾದಿದ್ದೆಯಂತೆ, ಅದು ಬಂತಂತೆ, ಬಂದರೆ ಚೆನ್ನಾಗಿಲ್ಲವಂತೆ. ನಿನ್ನ ಅಕ್ಕ ಲಲಿತ, ಆಟ ತಾನೇ, ಅದಕ್ಕೆ ಯಾಕೆ ಊಟ ಬಿಡಬೇಕು ಎಂದು ರೇಗಿಸುತ್ತಿದ್ದಳು. ನಾನು ಮೊರದಲ್ಲಿ ದಂಟಿನ ಸೊಪ್ಪು ಬಿಡಿಸುತ್ತಾ ಕುಳಿತಿದ್ದವಳು ಸುಮ್ಮನಿರದೆ, "ಊರೇ ಬದಲಾಗಿಬಿಟ್ಟಿರುತ್ತೆ, ಗುರುತಿನೋರು ಯಾರೂ ಮಾತಾಡ್ಸಲ್ಲ, ಅಷ್ಟೇ ತಾನೇ?" ಎಂದುಬಿಟ್ಟೆ. ನೀವಿಬ್ಬರೂ ನನ್ನ ಕಡೆ ತಿರುಗಿ, ಮೊರವೇ ಮಾತಾಡಿತೋ ಏನೋ ಎನ್ನುವ ಹಾಗೆ ನೋಡಿದಿರಿ.

"ಅಜ್ಜಿ, ನಿನಗೆ ಹೆಂಗೆ ಗೊತ್ತು?" ಎಂದೆ ನೀನು.

ನನಗೆ ನಾಚಿಕೆಯಾಗಿ ಸೊಪ್ಪು ಎತ್ತಿಕೊಂಡು ಒಳಗೆ ಹೋದೆ. ಒಲೆಯ ಮುಂದೆ ನಿಂತ ಮೇಲೆ, ಹೇಳಬಹುದಿತ್ತಲ್ಲ ಎನ್ನಿಸಿತು. ನನ್ನ ಬಾಯಿ ಯಾವಾಗಲೂ ಹೀಗೆಯೇ. ಹೇಳಬೇಕಾದ್ದು ನೆನಪಾಗುವುದು ಜಾಗ ಬಿಟ್ಟು ಎದ್ದು ಬಂದ ಮೇಲೆ. ಅದಕ್ಕೇ ಬರೆಯುತ್ತಿದ್ದೇನೆ. ಅಜ್ಜಿ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾಳೆ, ನನ್ನನ್ನು ಮಾತ್ರ ಚಿನ್ನಪ್ಪ ಎನ್ನುತ್ತಾಳೆ ಎಂದು ನೀನು ಆಗಾಗ ದೂರುತ್ತೀಯಲ್ಲ, ಅದಕ್ಕೂ ಈ ಸಿಡಿಗೂ ಸಂಬಂಧವಿದೆ. ನಿನಗೆ ಇಟ್ಟಿರುವುದು ನಿಮ್ಮ ತಾತನ ಹೆಸರು. ಅದನ್ನು ನಾನು ಹೇಳುವ ಹಾಗಿಲ್ಲ.

ನಮ್ಮ ಕಾಲದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮಮ್ಮ ಹೇಳಿಕೊಟ್ಟಿದ್ದಳು. ಆದರೆ ಮದುವೆಯಾದ ಹೊಸದರಲ್ಲಿ ಒಂದು ದಿನ ಮಾತ್ರ ಹೊಸಿಲ ಹತ್ತಿರ ನಿಲ್ಲಿಸಿ, ಹೆಸರು ಹೇಳಿದರಷ್ಟೇ ಒಳಗೆ ಬಿಡುತ್ತೇವೆ ಎಂದು ನಾದಿನಿಯರು ಕಾಡುತ್ತಿದ್ದರು. ಬೇರೆ ಹುಡುಗಿಯರು ಒಂದು ಪದ ಕಟ್ಟಿ, ಅದರ ನಡುವೆ ಹೆಸರನ್ನು ಸೇರಿಸಿ ಹೇಳಿ ಓಡಿಬಿಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ನಿಂತೇ ಇದ್ದೆ. ಒಳಗೆ ಬಡಿಸಿದ್ದ ಪಾಯಸದ ಮೇಲೆ ಕೆನೆ ಕಟ್ಟಿತು. ಕೊನೆಗೆ ಚಿಕ್ಕ ನಾದಿನಿ ನನ್ನ ಹಿಂದೆ ಬಂದು ನಿಂತು, ನನ್ನ ದನಿ ಮಾಡಿ, ತಾನೇ ಹೇಳಿ ನನ್ನನ್ನು ಒಳಗೆ ನೂಕಿದಳು.

ಇದು ಹೊಸದೇನಲ್ಲ. ತಾಯಲೂರಿನ ಹತ್ತಿರದ ನಮ್ಮೂರಿನ ಶಾಲೆಯಲ್ಲೂ ನಾನು ಹೀಗೆಯೇ. ಮೇಷ್ಟ್ರು ಹಾಜರಿ ಕೂಗಿದರೆ ನನ್ನ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಮುನಿರತ್ನ ಎರಡು ಸಲ ಕೂಗಿ ನನ್ನದನ್ನೂ ಮುಗಿಸುತ್ತಿದ್ದಳು. ಅವಳಿಗೆ ಜ್ವರ ಬಂದ ದಿನ ನಾನೂ ಶಾಲೆಗೆ ಬಂದಿಲ್ಲವೆಂದೇ ಲೆಕ್ಕ. ಏಳನೆಯ ಕ್ಲಾಸಿನವರೆಗೆ ಹೀಗೆ ಓದಿದೆ. ಕನ್ನಡ ಚೆನ್ನಾಗಿ ಬಂತು. ಇಂಗ್ಲಿಷಿನಲ್ಲಿ ಅಕ್ಷರಗಳ ಗುರುತು ಹಿಡಿಯುವುದರಾಚೆಗೆ ಹೋಗಲಿಲ್ಲ.

ಇಂಥವಳನ್ನು ತಂದು ನಿಮ್ಮ ತಾತ ಮುಳಬಾಗಿಲಿನಲ್ಲಿ ಎಲ್ಲಿ ಇಟ್ಟರು ಅಂದರೆ, ತಾವು ನಡೆಸುತ್ತಿದ್ದ ಟೈಪಿಂಗ್ ಶಾಲೆಯ ಹಿಂದಿನ ಮನೆಯಲ್ಲಿ. ಮುಂದಿನ ಹಜಾರದಲ್ಲಿ ಮೆಷಿನ್ನುಗಳು, ಹಿಂದೆ ನಮ್ಮ ಅಡುಗೆಮನೆ. ಬೆಳಗಿನಿಂದ ಟಕಟಕ ಶಬ್ದ. ಮೊದಮೊದಲು ತಲೆನೋವು ಬರುತ್ತಿತ್ತು. ಆಮೇಲೆ ಭಾನುವಾರ ಆ ಸದ್ದಿಲ್ಲದೆ ಸಾರಿಗೆ ಉಪ್ಪು ಹಾಕುವುದು ಮರೆಯುವ ಹಾಗಾಯಿತು. ಹುಡುಗರು ಬರುವ ಮುಂಚೆ ಮೆಷಿನ್ನುಗಳ ಕೀಲಿಗಳನ್ನು ಬ್ರಷ್ಷಿನಿಂದ ಉಜ್ಜಿ ಒರೆಸುವುದು ನನ್ನ ಕೆಲಸ. ಹಾಗೆ ಒರೆಸಿ ಒರೆಸಿಯೇ ಯಾವ ಅಕ್ಷರ ಎಲ್ಲಿ ಕುಳಿತಿರುತ್ತದೆ ಎನ್ನುವುದು ನನ್ನ ಬೆರಳಿಗೆ ಗೊತ್ತಾಯಿತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಟೈಪಿಂಗಿಗೆ ಬರುವವರು ಕಡಿಮೆಯಾದರು. ಎಲ್ಲರಿಗೂ ಕಂಪ್ಯೂಟರ್ ಬೇಕು. ನಿಮ್ಮ ತಾತ ಬೆಂಗಳೂರಿಗೆ ಹೋಗಿ ಯಾರೋ ಬಳಸಿದ್ದ ಒಂದು ಕಂಪ್ಯೂಟರನ್ನು, ಹಳೆಯ ದುಪಟಿಯಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರು. ಅದರ ಸಿಡಿ ಹಾಕುವ ತಟ್ಟೆಯೊಳಗೆ ಹಿಂದಿನ ಮಾಲೀಕ ಮರೆತು ಬಿಟ್ಟಿದ್ದ ಒಂದು ಸಿಡಿ ಇತ್ತು. ಅದೇ ಆ ಆಟ.

ನಾವೇ ಒಂದು ಪಾತ್ರವಾಗಿ ಊರೂರು ಸುತ್ತುವ ಆಟ. ಈಗ ನೀವು ಅದಕ್ಕೆ ರೋಲ್ ಪ್ಲೇಯಿಂಗ್ ಎನ್ನುತ್ತೀರಿ. ಇಂಗ್ಲಿಷಿನಲ್ಲಿ ಏನೋ ದೊಡ್ಡ ಹೆಸರಿತ್ತು. ನಾವು ಇಟ್ಟುಕೊಂಡ ಹೆಸರು ಕೆರೆಯೂರು. ಒಂದು ಊರು, ಊರ ಮುಂದೆ ಕೆರೆ, ಕೆರೆಯಲ್ಲಿ ನೀರಿಲ್ಲ. ನೀರು ಎಲ್ಲಿ ಹೋಯಿತು ಎಂದು ಹುಡುಕಿಕೊಂಡು ಒಬ್ಬ ಪುಟ್ಟ ಮನುಷ್ಯ ಕೈಯಲ್ಲಿ ಕೋಲು ಹಿಡಿದು ಹೊರಡುತ್ತಾನೆ. ಎಲ್ಲವನ್ನೂ ಮೇಲಿನಿಂದ ನೋಡಬೇಕು, ತಾರಸಿಯ ಮೇಲೆ ನಿಂತು ಬೀದಿ ನೋಡಿದ ಹಾಗೆ. ದೇವರಾಯಸಮುದ್ರದ ಕೆರೆ ಬತ್ತಿದ್ದನ್ನು ಎಷ್ಟೋ ಬೇಸಿಗೆ ಕಂಡವಳು ನಾನು. ಕಂಪ್ಯೂಟರಿನ ಒಳಗೂ ಅದೇ ಕಥೆಯೇ ಎಂದು ನಿಂತು ನೋಡಿದೆ. ಆಮೇಲೆ ಕುಳಿತು ನೋಡಿದೆ.

ಮಧ್ಯಾಹ್ನ ಊಟವಾದ ಮೇಲೆ ಹುಡುಗರು ಬರುವವರೆಗೆ ಹಜಾರ ಖಾಲಿ ಇರುತ್ತಿತ್ತು. ನಿಮ್ಮ ತಾತ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ತಾವು ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಪರದೆಯ ಮೇಲೆ ಬರುವ ಇಂಗ್ಲಿಷ್ ಮಾತನ್ನು ಅವರು ಓದಿ ಕನ್ನಡದಲ್ಲಿ ಹೇಳಬೇಕು, ಮನುಷ್ಯನನ್ನು ನಾನು ನಡೆಸಬೇಕು, ಹೀಗೆ ಒಪ್ಪಂದ.

"ಹೆಸರು ಕೇಳ್ತಾ ಇದೆ ಕಣೇ. ಏನಿಡೋಣ?" ಎಂದರು.

"ಯಾವ್ದಾದ್ರೂ ಇಡಿ."

"ನಿನ್ನ ಆಟ, ನೀನೇ ಹೇಳ್ಬೇಕು. ನನ್ನ ಹೆಸರೇ ಹೇಳು ನೋಡೋಣ. ಇಲ್ಲಿ ನಾದಿನೀರು ಯಾರೂ ಇಲ್ಲ, ಪಾಯಸಾನೂ ಆರಲ್ಲ."

ಆಗುವುದಿಲ್ಲ ಎಂದು ತಲೆಯಾಡಿಸಿದೆ. ಹೆಸರಿಲ್ಲದೆ ಆಟ ಶುರುವೇ ಆಗುವುದಿಲ್ಲ ಎಂದು ಹೇಳಿ ಅವರು ಕೈ ಕಟ್ಟಿಕೊಂಡು ಗೋಡೆಗೆ ಒರಗಿದರು. ಆ ಮುಖದಲ್ಲಿದ್ದ ತುಂಟತನ ನೋಡಿ ನನಗೂ ಹಟ ಬಂತು. ಬಾಯಿ ಬಿಗಿದುಕೊಂಡು, ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದೆ. ಪರದೆಯ ಮೇಲೆ ಅವರ ಹೆಸರು ಪೂರ್ತಿಯಾಗಿ ಬಂತು. ಹೇಳಬಾರದು ಎಂದಿದ್ದಳೇ ಹೊರತು ಒತ್ತಬಾರದು ಎಂದು ನಮ್ಮಮ್ಮ ಹೇಳಿರಲಿಲ್ಲವಲ್ಲ.

ನಿಮ್ಮ ತಾತ ಬಗ್ಗಿ ಪರದೆಯನ್ನು ಓದಿದರು. "ಬಾಯಿ ಮುಚ್ಚಿಕೊಂಡೇ ಹೇಳ್ಬಿಟ್ಟೆಯಲ್ಲೇ," ಎಂದರು.

ಹಾಗೆ ಅವರ ಹೆಸರಿನ ಪುಟ್ಟ ಮನುಷ್ಯನನ್ನು ನಾನು ನಡೆಸುತ್ತಾ ಹೋದೆ. ಒಂದು ವಿಷಯ ಹೇಳುತ್ತೇನೆ, ನಗಬೇಡಿ. ಬೀದಿಯ ಕೊನೆಯ ಅಂಗಡಿಯಲ್ಲಿ ಸಾಸಿವೆ ಕೇಳಲು ಹಿಂಜರಿಯುತ್ತಿದ್ದ ನಾನು ಕೆರೆಯೂರಿನಲ್ಲಿ ಒಂದು ಮನೆಯನ್ನೂ ಬಿಡದೆ ಬಾಗಿಲು ತಟ್ಟಿ ಎಲ್ಲರನ್ನೂ ಮಾತಾಡಿಸಿದೆ. ದೋಣಿಯವನನ್ನು, ಕಮ್ಮಾರನನ್ನು, ಸೇತುವೆಯ ಹತ್ತಿರ ದಾರಿ ಕಾಯುವ ಕಳ್ಳನನ್ನು ಕೂಡ. ಕಮ್ಮಾರನಿಗೆ ಮಂಡಿನೋವು, ಮೋಡ ಕಟ್ಟಿದರೆ ಹೆಚ್ಚಾಗುತ್ತಿತ್ತು. ದೋಣಿಯವನಿಗೆ ಕೆರೆ ಬತ್ತಿದ್ದಕ್ಕಿಂತ ಅಳಿಯ ಮಾತು ಬಿಟ್ಟಿದ್ದೇ ದೊಡ್ಡ ಚಿಂತೆ. ನಿಮ್ಮ ತಾತ ಒಬ್ಬೊಬ್ಬರಿಗೂ ಒಂದೊಂದು ದನಿ ಮಾಡಿ ಓದುತ್ತಿದ್ದರು.

ನನ್ನ ಆಟದ ರೀತಿಗೆ ಮಾತ್ರ ಅವರು ತಲೆ ಚಚ್ಚಿಕೊಳ್ಳುತ್ತಿದ್ದರು. ಕಂಡವರ ಮನೆಗೆ ಹೋಗಿ, ಮೂಲೆಯಲ್ಲಿರುವ ಪೆಟ್ಟಿಗೆ ತೆಗೆದು, ಇದ್ದದ್ದನ್ನು ಎತ್ತಿಕೊಂಡು ಬರುವುದು ಆ ಆಟದ ಪದ್ಧತಿಯಂತೆ. ಎಲ್ಲರೂ ಹಾಗೇ ಆಡುತ್ತಾರಂತೆ. ಆಡಲಿ. ನಮ್ಮ ಮನೆಯವರ ಹೆಸರು ಹೊತ್ತುಕೊಂಡಿರುವವನು ಇನ್ನೊಬ್ಬರ ಪೆಟ್ಟಿಗೆಗೆ ಕೈ ಹಾಕುವುದೇ? ನಾನು ಒಂದನ್ನೂ ಮುಟ್ಟಲಿಲ್ಲ. ಜೊತೆಗೆ, ಯಾರ ಮನೆಗೂ ಬರಿಗೈಯಲ್ಲಿ ಹೋಗಿ ನನಗೆ ಅಭ್ಯಾಸವಿಲ್ಲ. ಚೀಲದಲ್ಲಿ ಇದ್ದ ರೊಟ್ಟಿ, ಹಣ್ಣು, ಗಾಯಕ್ಕೆ ಹಚ್ಚುವ ಸೊಪ್ಪು ಎಲ್ಲವನ್ನೂ ಹೋದ ಹೋದ ಮನೆಯಲ್ಲಿ ಕೊಟ್ಟುಬಿಡುತ್ತಿದ್ದೆ. ಕೊಡುವುದಕ್ಕೆ ಆ ಆಟದಲ್ಲಿ ಒಂದು ಕೀಲಿಯೇ ಇತ್ತು.

"ಇವನು ರಾಕ್ಷಸನ್ನ ಕೊಲ್ಲೋಕೆ ಹೋಗ್ತಿದ್ದಾನೋ, ಸೀಮಂತಕ್ಕೆ ಹೋಗ್ತಿದ್ದಾನೋ?" ಎಂದು ಒಂದು ದಿನ ಕೇಳಿದರು.

"ಎರಡೂ ಒಂದೇ ದಾರೀಲಿ ತಾನೇ ಇರೋದು?" ಎಂದೆ.

"ಸರ್ಲೇ, ನೀ ಇಷ್ಟಂ," ಎಂದು ತೆಲುಗಿನಲ್ಲಿ ಕೈ ಮುಗಿದರು. ಸೋತಾಗ ಅವರಿಗೆ ತೆಲುಗು ಬರುತ್ತಿತ್ತು. ಆದರೆ ಸೇತುವೆಯ ಕಳ್ಳ ರೊಟ್ಟಿ ತಿಂದವನೇ ಕತ್ತಿ ಒರೆಗೆ ಹಾಕಿ ದಾರಿ ಬಿಟ್ಟಾಗ ಅವರೇ ಸ್ಟೂಲಿನಿಂದ ಎದ್ದು ನಿಂತರು. ಹೀಗೂ ಆಗುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ಎಲ್ಲರಿಗಿಂತ ನನಗೆ ಬೇಕಾದವಳು ಬಾವಿಯ ಅಜ್ಜಿ. ಊರೊಳಗಿನ ಬಾವಿಯ ಪಕ್ಕ ಅವಳ ಗುಡಿಸಲು, ತಲೆಯ ಮೇಲೆ ನೀಲಿ ಸೆರಗು. ಎಲ್ಲಿ ಸುತ್ತಿ ಬಂದರೂ ಅಲ್ಲಿ ಹೋಗಿ ನಿಂತರೆ ಮೈಯ ನೋವು ಮಾಯವಾಗುತ್ತಿತ್ತು, ಆಟವನ್ನು ಅಲ್ಲಿಯವರೆಗೆ ಉಳಿಸಿಡಲೂ ಬಹುದಿತ್ತು. ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದ ಊರಿನಲ್ಲಿ ಅದು ಸಣ್ಣ ಉಪಕಾರವಲ್ಲ. ಯುಪಿಎಸ್ ಕೀ ಕೀ ಎನ್ನತೊಡಗಿದರೆ ಸಾಕು, ನಾನು ಕಾಡು ಮೇಡು ಬಿಟ್ಟು ಆ ಗುಡಿಸಲಿಗೆ ಓಡುತ್ತಿದ್ದೆ. ಹೋದ ಕೂಡಲೇ ಅವಳು ಮನುಷ್ಯನನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ನಿಮ್ಮ ತಾತ ತಮ್ಮದೇ ಹೆಸರನ್ನು ನಮ್ಮಮ್ಮನ ರಾಗದಲ್ಲಿ, ತೆಲುಗು ಸೀಮೆಯವರು ಎಳೆಯುವ ಹಾಗೆ ಎಳೆದು ಓದುತ್ತಿದ್ದರು. ಬಂದ್ಯೇನಪ್ಪಾ ಎಂದು ಶುರು ಮಾಡಿ, ಹೆಸರು ಹೇಳಿ, ಊಟ ಆಯ್ತಾ ಎಂದು ಮುಗಿಸುತ್ತಿದ್ದರು. ನಾನು ಪ್ರತಿ ಸಲವೂ ನಗುತ್ತಿದ್ದೆ. ನಾನು ನಗುತ್ತೇನೆಂದೇ ಅವರು ಇನ್ನಷ್ಟು ಎಳೆಯುತ್ತಿದ್ದರು.

ಒಮ್ಮೆ ಅವರು ಹಾಗೆ ಮುದುಕಿಯ ದನಿ ತೆಗೆದಿದ್ದಾಗ ಶಾರ್ಟ್‌ಹ್ಯಾಂಡ್ ಕಲಿಯುವ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಿದ್ದಳು. ನಿಮ್ಮ ತಾತ ಒಂದು ಕ್ಷಣವೂ ತಡೆಯದೆ, "ಮೇಲಿನ ಸಾಲು ಇನ್ನೊಂದ್ಸಲ ಅಭ್ಯಾಸ ಮಾಡಿ," ಎಂದು ನನಗೆ ಗಂಭೀರವಾಗಿ ಹೇಳಿ ಎದ್ದು ಹೋದರು. ನಾನು ಕಿವಿಯವರೆಗೆ ಕೆಂಪಾಗಿ, ಇಲ್ಲದ ಸಾಲನ್ನು ಟೈಪು ಮಾಡುತ್ತಾ ಕುಳಿತಿದ್ದೆ.

ಕೊನೆಗೆ ಒಂದು ದಿನ ಕೆರೆಗೆ ನೀರು ಬಂತು. ಊರಿನವರೆಲ್ಲ ಏರಿಯ ಮೇಲೆ ಸಾಲಾಗಿ ನಿಂತರು, ಪುಟ್ಟ ಮನುಷ್ಯನೂ ನಿಂತ. ಆಟ ಮುಗಿಯಿತು. ನನಗೆ ಸಂತೋಷಕ್ಕಿಂತ, ಮದುವೆ ಮುಗಿಸಿ ಹೆಣ್ಣನ್ನು ಕಳುಹಿಸಿದ ಮನೆಯ ಹಾಗೆ ಎನ್ನಿಸಿತು. ನಿಮ್ಮ ತಾತ ಎಲ್ಲಿಂದಲೋ ಒಂದು ಕಂಪ್ಯೂಟರ್ ಪತ್ರಿಕೆ ತಂದರು. ಎರಡನೇ ಭಾಗ ತಯಾರಾಗುತ್ತಿದೆ, ಮೊದಲನೆಯದನ್ನು ಆಡಿದವರು ತಮ್ಮ ಮನುಷ್ಯನನ್ನು ಅವನ ಹೆಸರಿನ ಸಮೇತ ಅದಕ್ಕೆ ಕರೆದುಕೊಂಡು ಹೋಗಬಹುದು ಎಂದು ಅದರಲ್ಲಿ ಇತ್ತಂತೆ. ಅವನನ್ನು ಒಂದು ಫ್ಲಾಪಿಗೆ ಇಳಿಸಿ ನನ್ನ ಕೈಗೆ ಕೊಟ್ಟರು. ನೀನೇ ಜೋಪಾನ ಮಾಡು ಎಂದರು.

ನಾನು ಜೋಪಾನ ಮಾಡಿದ ರೀತಿಯನ್ನೂ ಹೇಳಿಬಿಡುತ್ತೇನೆ. ಆ ವರ್ಷದ ಆಯುಧಪೂಜೆಯ ದಿನ ಟೈಪ್‌ರೈಟರುಗಳಿಗೆ, ಕಂಪ್ಯೂಟರಿಗೆ, ಕೊನೆಗೆ ಈಳಿಗೆಮಣೆಗೂ ಅರಿಶಿನ ಕುಂಕುಮ ಇಟ್ಟಾದ ಮೇಲೆ, ಅವರ ಹೆಸರಿನವನು ಒಳಗೆ ಒಬ್ಬನೇ ಇದ್ದಾನಲ್ಲ ಎಂದು ಫ್ಲಾಪಿಗೂ ಇಟ್ಟೆ. ನಡುವೆ ತಗಡಿನ ಮುಚ್ಚಳ ಇರುತ್ತದಲ್ಲ, ಸರಿಯಾಗಿ ಅಲ್ಲಿಯೇ. ನಿಮ್ಮ ತಾತ ಅದನ್ನು ನೋಡಿ ಊದಿ ಊದಿ ಕುಂಕುಮವನ್ನೆಲ್ಲ ತೆಗೆದರು. "ಪೂಜೆ ಮಾಡಿದ್ದು ಸರಿ ಕಣೇ, ಅವನಿಗೆ ಉಸಿರಾಡೋಕಾದ್ರೂ ಬಿಡು," ಎಂದರು. ಅದನ್ನು ಬೀರುವಿನಲ್ಲಿ ಸೀರೆಗಳ ಮಡಿಕೆಯ ನಡುವೆ ಇಟ್ಟೆ.

ಎರಡನೇ ಭಾಗ ಬರುವ ಮುಂಚೆ ನಿಮ್ಮ ತಾತ ಹೋದರು. ಬೆಳಿಗ್ಗೆ ಹಜಾರದ ಬಾಗಿಲು ತೆಗೆಯಲು ಎದ್ದವರು ಎದೆ ಹಿಡಿದುಕೊಂಡು ಕುಳಿತರು, ಅಷ್ಟೇ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದಿದ್ದರು. ನಾನು ಹೇಳಿರಲೇ ಇಲ್ಲ.

ಮೆಷಿನ್ನುಗಳನ್ನು ಕೊಟ್ಟು, ಕಂಪ್ಯೂಟರನ್ನೂ ಕೊಟ್ಟು, ಆ ಸಿಡಿ ಮತ್ತು ಫ್ಲಾಪಿಯನ್ನು ಸೀರೆಗಳ ಜೊತೆ ಇಟ್ಟುಕೊಂಡು ಮಾಲೂರಿಗೆ, ನಿಮ್ಮಮ್ಮ ಶಾರದಳ ಮನೆಗೆ ಬಂದೆ. ಇಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ನಿಮ್ಮಪ್ಪ ಮಾಸ್ತಿಯ ಸ್ಕೂಲಿನಿಂದ ಬರುವಾಗ ನನಗೆಂದೇ ಎಲೆಯಡಿಕೆ ತರುತ್ತಿದ್ದರು. ಲಲಿತ ಓಡಾಡುತ್ತಿದ್ದಳು, ಆಮೇಲೆ ನೀನೂ ಹುಟ್ಟಿದೆ. ಆದರೆ ಒಂದು ವಿಷಯ ನಿಧಾನವಾಗಿ ಗೊತ್ತಾಗುತ್ತಾ ಹೋಯಿತು. ಮನುಷ್ಯ ಹೋದ ಮೇಲೆ ಎಲ್ಲರೂ ಅವರ ಬಗ್ಗೆ ಮಾತಾಡುತ್ತಾರೆ, ಅಪ್ಪ ಎನ್ನುತ್ತಾರೆ, ಮಾವ ಎನ್ನುತ್ತಾರೆ, ಮೇಷ್ಟ್ರು ಎನ್ನುತ್ತಾರೆ. ಹೆಸರು ಹಿಡಿದು ಬಾರಪ್ಪಾ ಎಂದು ಕರೆಯುವವರು ಯಾರೂ ಇರುವುದಿಲ್ಲ. ನಿನಗೆ ಆ ಹೆಸರು ಇಟ್ಟರು, ಆದರೆ ಅಷ್ಟುದ್ದ ಯಾರು ಕರೆಯುತ್ತಾರೆ ಎಂದು ಮನೆಯಲ್ಲಿ ಅದನ್ನು ಕತ್ತರಿಸಿ ನಾಣಿ ಮಾಡಿದರು. ಪೂರ್ತಿ ಹೆಸರು ಅಂಗನವಾಡಿಯ ಟೀಚರಿಗೆ ಮಾತ್ರ. ಆ ಹೆಸರನ್ನು ಯಾರಾದರೂ ಎದುರಿಗೆ ನಿಂತವರನ್ನು ಕರೆಯುವ ಹಾಗೆ ಕರೆಯಬೇಕು, ನಾನು ಕೇಳಬೇಕು ಎಂದು ನನಗೆ ಒಂದು ಆಸೆ ಬಂದಿತ್ತು. ಅದನ್ನು ಯಾರ ಹತ್ತಿರ ಹೇಳುವುದು? ಹಾಗೆ ಕರೆಯುವ ಒಂದೇ ಊರು ನನಗೆ ಗೊತ್ತಿದ್ದದ್ದು ಕೆರೆಯೂರು.

ನೀನು ಅಂಗನವಾಡಿಗೆ ಹೋಗಲು ಶುರು ಮಾಡಿದ್ದ ವರ್ಷ ನಿಮ್ಮಮ್ಮ ಬೆಂಗಳೂರಿನಿಂದ ಎರಡನೇ ಭಾಗದ ಸಿಡಿ ತಂದಳು. ಅಪ್ಪ ಅದಕ್ಕೆ ಕಾದಿದ್ದು ಅವಳಿಗೆ ನೆನಪಿತ್ತು. ನಾನು ಬೀರುವಿನ ಸೀರೆಗಳನ್ನೆಲ್ಲ ಎಳೆದುಹಾಕಿದೆ. ಫ್ಲಾಪಿ ತಂದುಕೊಟ್ಟೆ. ನಿಮ್ಮ ಮನೆಯ ಕಂಪ್ಯೂಟರಿಗೆ ಅದನ್ನು ತೂರಿಸಿದರೆ ಕರ ಕರ ಎಂದು, ಕಡಲೆಬೀಜ ಜಗಿದ ಹಾಗೆ ಸದ್ದು ಮಾಡಿತು. ಆ ಕುಂಕುಮ ಈಗ ಏನು ಮಾಡುತ್ತದೋ ಎಂದು ಉಸಿರು ಹಿಡಿದು ನಿಂತೆ. ಸದ್ದು ನಿಂತಿತು. ಪರದೆಯ ಮೂಲೆಯಲ್ಲಿ ಸಣ್ಣದಾಗಿ ಅವರ ಹೆಸರು ಬಂತು.

ಈ ಆಟದಲ್ಲಿ ತಾರಸಿಯಿಂದ ನೋಡುವುದಿರಲಿಲ್ಲ. ಮನುಷ್ಯ ನಿಜವಾದ ಮನುಷ್ಯನಷ್ಟು ದೊಡ್ಡವನಾಗಿದ್ದ, ನಾವು ಅವನ ಹಿಂದೆ ಹೋಗಬೇಕು. ಬೆನ್ನು ಮಾತ್ರ ಕಾಣುತ್ತದೆ. ಮೊದಲ ದಿನ ಅದು ನನಗೆ ಹಿಡಿಸಿತು. ಮುಳಬಾಗಿಲಿನ ಪೇಟೆಯಲ್ಲಿ ನಾನು ಯಾವಾಗಲೂ ನಿಮ್ಮ ತಾತನ ಹಿಂದೆಯೇ ನಡೆಯುತ್ತಿದ್ದದ್ದು, ಅವರ ಬೆನ್ನು ನೋಡಿಕೊಂಡು. ಆದರೆ ಇವನು ತಿರುಗಿದಾಗಲೆಲ್ಲ ಊರೂ ಗಿರ್ರನೆ ತಿರುಗಿ ನನಗೆ ತಲೆ ಸುತ್ತಿ ಬರುತ್ತಿತ್ತು. ನಿಂಬೆಹಣ್ಣು ಮೂಸಿಕೊಂಡು ಆಡಿದೆ.

ಕೆರೆಯೂರು ಪಟ್ಟಣವಾಗಿತ್ತು. ಕೆರೆ ಇದ್ದ ಜಾಗದಲ್ಲಿ ದೊಡ್ಡ ಬಯಲು, ಅದರ ನಡುವೆ ನೀರು ತಂದ ವೀರನ ವಿಗ್ರಹ. ಆ ವಿಗ್ರಹಕ್ಕೆ ಎದೆಯವರೆಗೆ ಗಡ್ಡ. ನಿಮ್ಮ ತಾತ ಒಂದು ದಿನ ಕೂಡ ಗಡ್ಡ ಬಿಟ್ಟವರಲ್ಲ. ಮನೆಗಳ ಬಾಗಿಲಿಗೆಲ್ಲ ಬೀಗ, ಅವರಿಗೆ ನಮ್ಮಿಂದ ಕೆಲಸ ಆಗಬೇಕಾದಾಗ ಮಾತ್ರ ತೆರೆಯುತ್ತದೆ. ಚೀಲದ ತುಂಬ ಸಾಮಾನು, ಆದರೆ ಕೊಡುವ ಕೀಲಿ ಇರಲಿಲ್ಲ. ಮಾರಬಹುದು, ಬಿಸಾಡಬಹುದು, ಕೊಡುವ ಹಾಗಿಲ್ಲ. ಒಂದು ರೊಟ್ಟಿಯನ್ನು ಯಾರಿಗೆ ಕೊಡಲಿ ಎಂದು ಇಡೀ ಮಧ್ಯಾಹ್ನ ಹೊತ್ತು ತಿರುಗಿದೆ.

ಅದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆ. ಈ ಆಟದಲ್ಲಿ ಜನರು ಬಾಯಿಬಿಟ್ಟು ಮಾತಾಡುತ್ತಾರೆ ಎಂದು ಗೊತ್ತಾದಾಗ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಿದ್ದೆ. ಓದಬೇಕಾಗಿಲ್ಲ, ಕೇಳಿದರೆ ಸಾಕು. ಹಾಗಾದರೆ ಹೆಸರನ್ನೂ ಕರೆಯುತ್ತಾರಲ್ಲ! ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು ಕಿವಿಗೊಟ್ಟೆ. ಒಬ್ಬರೂ ಕರೆಯಲಿಲ್ಲ. ಎಲ್ಲರೂ ಒಂದೇ ಮಾತು ಹೇಳಿ ಕರೆಯುತ್ತಿದ್ದರು. ಪ್ರಯಾಣಿಕ ಅಂತ ಅರ್ಥ ಎಂದಳು ನಿಮ್ಮಮ್ಮ. ಬಸ್‌ ಸ್ಟ್ಯಾಂಡಿನ ಮೈಕಿನಲ್ಲಿ ಕೂಗಿದ ಹಾಗೆ.

"ಹೆಸರು ಅಲ್ಲೇ ಬರೆದಿದೆಯಲ್ಲೇ ಶಾರದಾ, ಯಾಕೆ ಕರೆಯಲ್ಲ?" ಎಂದು ಕೇಳಿದೆ.

"ಆಡೋರು ಏನು ಹೆಸರಿಡ್ತಾರೋ ಅವರಿಗೇನು ಗೊತ್ತಮ್ಮ? ಮೊದಲೇ ಮಾತಾಡಿ ತುಂಬಿಸಿಟ್ಟಿರ್ತಾರೆ. ಅದಕ್ಕೇ ಎಲ್ಲರಿಗೂ ಒಂದೇ."

ಸರಿಯಾದ ಮಾತೇ. ಆದರೂ ನಾನು ಬಿಡಲಿಲ್ಲ. ಬಾವಿಯ ಅಜ್ಜಿ ಇನ್ನೂ ಸಿಕ್ಕಿರಲಿಲ್ಲ. ಬೇರೆಯವರ ಮಾತು ಬೇರೆ, ಅವಳಾದರೂ ಗುರುತು ಹಿಡಿಯುತ್ತಾಳೆ ಎಂದು ಬೆಟ್ಟ ಹತ್ತಿ, ಹೊಳೆ ದಾಟಿ, ಕಂಡವರ ಜೊತೆಯೆಲ್ಲ ಹೊಡೆದಾಡಿ, ತಲೆ ಸುತ್ತಿ, ಮಳೆಗಾಲ ಪೂರ್ತಿ ಮಧ್ಯಾಹ್ನಗಳನ್ನು ಅದರಲ್ಲೇ ಕಳೆದೆ. ಕೊನೆಗೆ ಒಂದು ಸಂತೆಯಲ್ಲಿ ಅವಳು ಔಷಧಿ ಮಾರುತ್ತಾ ನಿಂತಿದ್ದಳು. ಅದೇ ನೀಲಿ ಸೆರಗು. ನಿಮ್ಮಮ್ಮನನ್ನು ಒಲೆಯ ಮುಂದಿನಿಂದ ಕೂಗಿ ಕರೆದೆ. ಅವಳು ಸೌಟು ಹಿಡಿದೇ ಬಂದು ನಿಂತಳು.

ಬಾವಿಯ ಅಜ್ಜಿ ಬಾಯಿ ತೆರೆದು, ಒಳ್ಳೆ ಗಟ್ಟಿ ದನಿಯಲ್ಲಿ ಏನೋ ಹೇಳಿದಳು.

"ಏನು ಬೇಕು ನೋಡಿ ತಗೋ ಪ್ರಯಾಣಿಕ, ಅಂತ," ಎಂದಳು ನಿಮ್ಮಮ್ಮ.

ಇನ್ನೊಮ್ಮೆ ಮಾತಾಡಿಸಿದೆ. ಅದೇ ಮಾತು, ಅದೇ ದನಿ. ನಾನು ಕುರ್ಚಿಯಿಂದ ಎದ್ದೆ. ನನ್ನ ಮುಖ ಹೇಗಿತ್ತೋ, ನಿಮ್ಮಮ್ಮ ಒಲೆ ಆರಿಸಿ ಬಂದು ಹಳೆಯ ಸಿಡಿ ಹಾಕಿದಳು. ಇದು ಬೇಡಮ್ಮ, ನಿನ್ನ ಹಳೇದೇ ಆಡೋಣ, ಅಪ್ಪನ ಹಾಗೆ ನಾನು ಓದ್ತೀನಿ ಎಂದಳು. ಫ್ಲಾಪಿಯಿಂದ ಪುಟ್ಟ ಮನುಷ್ಯ ಬಂದು ಕೆರೆಯ ಏರಿಯ ಮೇಲೆ ನಿಂತ. ಕೆರೆ ತುಂಬ ನೀರು. ಕಣ್ಣಿಗೆ ತಂಪಾಯಿತು. ಮೊದಲು ಕಮ್ಮಾರನ ಹತ್ತಿರ ಹೋದೆ.

"ಕತ್ತಿ ಮಾರುತ್ತೇನೆ," ಎಂದು ಓದಿದಳು.

"ಆಮೇಲೆ? ಮಂಡಿನೋವು ಹೇಗಿದೆಯಂತೆ?"

"ಯಾವ ಮಂಡಿ? ಇಷ್ಟೇ ಇರೋದು."

ದೋಣಿಯವನು, ದೋಣಿ ಬೇಕೇ ಎಂದ. ಅಳಿಯನ ವಿಷಯ ಇಲ್ಲವೇ ಇಲ್ಲ. ಬಾವಿಯ ಹತ್ತಿರ ಹೋದೆ. ನಿಮ್ಮಮ್ಮ ಆ ಹೆಸರನ್ನು ಮೆಲ್ಲಗೆ, ಮಗಳು ಅಪ್ಪನ ಹೆಸರು ಹೇಳುವಾಗ ಹೇಳುವ ಹಾಗೆ ಓದಿ, "ಮತ್ತೆ ಸ್ವಾಗತ. ವಿಶ್ರಾಂತಿ ಪಡೆ," ಎಂದಳು.

"ಊಟ ಆಯ್ತಾ ಅಂತ ಇಲ್ವೇನೇ?"

"ಇಲ್ಲಮ್ಮ." ಅವಳು ಪರದೆಯನ್ನು ಇನ್ನೊಂದು ಸಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಅದು ಅಪ್ಪನೇ ಸೇರಿಸ್ತಿದ್ದಿದ್ದು ಅನ್ಸುತ್ತೆ."

ಆಗ ನನಗೆ ಅಳು ಬರಬೇಕಿತ್ತೋ ಏನೋ. ಬಂದದ್ದು ನಗು. ಎಷ್ಟು ಮಧ್ಯಾಹ್ನ ಆ ಮಹಾರಾಯರು ಮುಖ ಗಂಭೀರ ಮಾಡಿಕೊಂಡು, ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾ, ಇಲ್ಲದ ಮಂಡಿನೋವನ್ನು ಓದಿ ಹೇಳಿದ್ದರು! ನಾನು ಆ ಕಮ್ಮಾರನಿಗೆ ಎಷ್ಟು ಸಲ ಔಷಧಿ ಸೊಪ್ಪು ಕೊಟ್ಟಿದ್ದೆ! ಎರಡನೇ ಭಾಗದವರನ್ನು ಇಷ್ಟು ದಿನ ಬೈದುಕೊಂಡೆನಲ್ಲ, ಪಾಪ, ಅವರ ಊರು ಹಳೆಯದಕ್ಕಿಂತ ಅಷ್ಟೇನೂ ಕೆಟ್ಟದ್ದಲ್ಲ ಎನ್ನಿಸಿತು. ಗಡ್ಡ ಮತ್ತು ಬೀಗ ಬಿಟ್ಟರೆ. ಅದರ ಪಕ್ಕದ ಸ್ಟೂಲಿನ ಮೇಲೆ ಕುಳಿತು ಓದುವವರು ಇರಲಿಲ್ಲ, ಅಷ್ಟೇ. ಆ ಎರಡನೇ ಭಾಗದ ಸಿಡಿಯನ್ನು ಸಂಜೆಗೇ ತೆಗೆದುಕೊಂಡು ಹೋಗಿ ಚಪ್ಪರಕ್ಕೆ ಕಟ್ಟಿದೆ.

ಮಾರನೆಯ ದಿನ ನಿಮ್ಮಮ್ಮ ಲಲಿತಳನ್ನು ಸ್ಕೂಲಿನಿಂದ ಕರೆತರಲು ಹೋಗಿದ್ದಳು. ಮುದ್ದೆ ಮಾಡಿ ಮುಚ್ಚಿಟ್ಟು, ನಾನು ಹಳೆಯ ಆಟವನ್ನೇ ಹಾಕಿಕೊಂಡು ಕುಳಿತೆ. ಏರಿಯ ಮೇಲಿನಿಂದ ಪುಟ್ಟ ಮನುಷ್ಯನನ್ನು ಮೆಲ್ಲಗೆ ಇಳಿಸಿ, ಬೀದಿ ದಾಟಿಸಿ, ಬಾವಿಯ ಹತ್ತಿರ ನಿಲ್ಲಿಸಿದೆ. ಅಜ್ಜಿಯ ಮಾತು ಇಂಗ್ಲಿಷಿನಲ್ಲಿ ಬಂದು ನಿಂತಿತು. ಅದರಲ್ಲಿ ನನಗೆ ಓದಲು ಬರುತ್ತಿದ್ದದ್ದು ಒಂದು ಹೆಸರು ಮಾತ್ರ. ಮುಂದಕ್ಕೆ ಹೋಗಲು ಯಾವುದಾದರೂ ಕೀಲಿ ಒತ್ತಬೇಕು. ಒತ್ತಲಿಲ್ಲ. ಯಾರಾದರೂ ಓದಲಿ ಎಂದು ಕಾಯುತ್ತಾ ಕುಳಿತಿದ್ದೇನೆ ಎಂದು ನನಗೇ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಮೊದಲು ಗಂಟಲಿನಿಂದ ಗಾಳಿ ಮಾತ್ರ ಬಂತು, ಹಾಜರಿ ಕೂಗಿದಾಗ ಬರುತ್ತಿದ್ದ ಹಾಗೆ. ಕೆಮ್ಮಿ ಸರಿ ಮಾಡಿಕೊಂಡೆ. ಆಮೇಲೆ ನಮ್ಮಮ್ಮನ ರಾಗವನ್ನೇ ಹಿಡಿದು, ಅವರು ಎಳೆಯುತ್ತಿದ್ದ ಕಡೆಯಲ್ಲೆಲ್ಲ ಎಳೆದು, ಗಟ್ಟಿಯಾಗಿ ಹೇಳಿದೆ.

"ಬಂದ್ಯೇನಪ್ಪಾ ನಾರಾಯಣಸ್ವಾಮಿ, ಊಟ ಆಯ್ತಾ?"

"ಇನ್ನೂ ಇಲ್ಲ ಅಜ್ಜಿ," ಎಂದಿತು ಮಂಚದ ಕೆಳಗಿನಿಂದ ಒಂದು ದನಿ.

ಬೆಂಕಿಪೊಟ್ಟಣದ ಬಸ್ಸು ಓಡಿಸುತ್ತಾ ನೀನು ಅಲ್ಲಿ ಕುಳಿತಿದ್ದೀಯೆಂದು ನಾನು ಮರೆತೇಬಿಟ್ಟಿದ್ದೆ. ತಲೆಗೂದಲಿಗೆ ಜೇಡರ ಬಲೆ ಮೆತ್ತಿಕೊಂಡು ಅಂಬೆಗಾಲಿನಲ್ಲಿ ಹೊರಗೆ ಬಂದು, ಹೊಟ್ಟೆ ತೋರಿಸುತ್ತಾ ನನ್ನ ಮುಂದೆ ನಿಂತೆ.

ಕೈ ತೊಳೆದುಕೊಂಡು ಬಾ ಎಂದು ಹೇಳಿ, ಎದ್ದು ತಟ್ಟೆ ಹಾಕಿದೆ. ಮುದ್ದೆ ಇನ್ನೂ ಬಿಸಿಯಾಗಿತ್ತು.